ಜಾಮೀನು ಸಿಕ್ಕರೆ ಗೆದ್ದ ಹಾಗಾ? ತೀರ್ಪಿಗೂ ಮೊದಲಿನ ಜೈಲಿನ ಲೆಕ್ಕ

2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್, ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಸೇರಿ ಏಳು ಆರೋಪಿಗಳಿಗೆ ಸಿಕ್ಕಿದ್ದ ಜಾಮೀನನ್ನು ರದ್ದು ಮಾಡಿತು. ಒಂಬತ್ತು ತಿಂಗಳಿಗೂ ಹೆಚ್ಚು ಕಾಲದಿಂದ ಹೊರಗಿದ್ದ ದರ್ಶನ್ ಅಂದೇ ಮತ್ತೆ ಜೈಲು ಸೇರಿದರು. ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಮೊದಲು, 2024ರ ಆಗಸ್ಟ್ 9ರಂದು, ಇದೇ ಸುಪ್ರೀಂ ಕೋರ್ಟ್ ದೆಹಲಿಯ ಮಾಜಿ ಉಪಮುಖ್ಯಮಂತ್ರಿ ಮನೀಶ್ ಸಿಸೋಡಿಯಾ ಅವರಿಗೆ ಜಾಮೀನು ಕೊಟ್ಟಿತ್ತು. ‘ಜಾಮೀನು ನಿಯಮ, ಜೈಲು ಅಪವಾದ’ ಎಂಬ ತತ್ವವನ್ನು ಕೆಳಗಿನ ಕೋರ್ಟುಗಳೂ ಹೈಕೋರ್ಟುಗಳೂ ಇನ್ನಾದರೂ ಗುರುತಿಸಬೇಕು ಎಂದೂ ಆಗ ಹೇಳಿತ್ತು.

ಎರಡೂ ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಜಾಮೀನೇ ನಿಯಮ ಅಂದ ಮೇಲೆ ಕೊಟ್ಟದ್ದನ್ನು ಕಿತ್ತುಕೊಂಡದ್ದು ಏಕೆ? ಒಬ್ಬರಿಗೆ ನಾಲ್ಕು ದಿನಕ್ಕೆ ಸಿಗುವ ಜಾಮೀನು ಇನ್ನೊಬ್ಬರಿಗೆ ನಾಲ್ಕು ವರ್ಷವಾದರೂ ಸಿಗುವುದಿಲ್ಲವಲ್ಲ, ಅದು ಹೇಗೆ? ‘ದೊಡ್ಡವರಿಗೊಂದು ಕಾನೂನು, ಬಡವರಿಗೊಂದು ಕಾನೂನು’ ಎಂದು ಹೇಳಿ ಪೇಪರ್ ಮಡಚಿಡುವವರೇ ಜಾಸ್ತಿ. ಆ ಸಿಟ್ಟಿಗೆ ಕಾರಣ ಇದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ, ಸರ್ಕಾರ ಒಬ್ಬ ಮನುಷ್ಯನನ್ನು ತೀರ್ಪಿಲ್ಲದೆ ಎಷ್ಟು ದಿನ ಕೂಡಿಹಾಕಬಹುದು ಎಂಬ ಮುಖ್ಯ ಪ್ರಶ್ನೆ ಮರೆಯಾಗಿಬಿಡುತ್ತದೆ.

ಜಾಮೀನು ತೀರ್ಪಲ್ಲ

ಜಾಮೀನು ಅಂದರೆ ಖುಲಾಸೆ ಅಲ್ಲ. ಜಾಮೀನು ಸಿಗಲಿಲ್ಲ ಅಂದರೆ ಅಪರಾಧಿ ಎಂದೂ ಅಲ್ಲ. ಕೇಸಿನ ಸತ್ಯಾಸತ್ಯ ತೀರ್ಮಾನವಾಗುವುದು ಸಾಕ್ಷಿಗಳ ಹೇಳಿಕೆ, ಪಾಟೀಸವಾಲು ಎಲ್ಲ ಮುಗಿದ ಮೇಲೆ. ಅಲ್ಲಿವರೆಗೆ ಆರೋಪಿ ಎಲ್ಲಿರಬೇಕು, ಮನೆಯಲ್ಲೋ ಜೈಲಿನಲ್ಲೋ? ಜಾಮೀನು ಅರ್ಜಿಯಲ್ಲಿ ಕೋರ್ಟ್ ನೋಡುವುದು ಇದಿಷ್ಟನ್ನೇ.

ಅದಕ್ಕೆ ಮಾಮೂಲಿ ಕೇಸುಗಳಲ್ಲಿ ಕೋರ್ಟ್ ಕೇಳಿಕೊಳ್ಳುವ ಪ್ರಶ್ನೆಗಳು ಮೂರು. ಹೊರಬಿಟ್ಟರೆ ಓಡಿಹೋಗುತ್ತಾನಾ? ಸಾಕ್ಷಿಗಳನ್ನು ಹೆದರಿಸುತ್ತಾನಾ, ಪುರಾವೆ ಅಳಿಸುತ್ತಾನಾ? ಮತ್ತೆ ಅಪರಾಧ ಮಾಡುತ್ತಾನಾ? ಆರೋಪ ಎಷ್ಟು ಗಂಭೀರ, ಮೇಲ್ನೋಟಕ್ಕೆ ಪುರಾವೆ ಹೇಗಿದೆ ಎಂಬುದನ್ನೂ ಇದರ ಜೊತೆಗಿಟ್ಟು ತೂಗುತ್ತದೆ. ಮೂರಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಒಳಗಿಡಲು ಕಾರಣ ಉಳಿಯುವುದಿಲ್ಲ. 1977ರಲ್ಲಿ ರಾಜಸ್ಥಾನದ ಬಾಲ್‌ಚಂದ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ‘ಜಾಮೀನು, ಜೈಲಲ್ಲ’ ಎಂಬ ಮೂಲ ನಿಯಮವನ್ನು ಹೇಳಿದ್ದು ಈ ತರ್ಕದಿಂದಲೇ. ಶಿಕ್ಷೆ ಕೊಡಬೇಕಾದ್ದು ತೀರ್ಪು. ಅದಕ್ಕೂ ಮೊದಲಿನ ಜೈಲನ್ನು ಶಿಕ್ಷೆಯಾಗಿ ಬಳಸುವ ಅಧಿಕಾರ ಯಾರಿಗೂ ಇಲ್ಲ.

ರದ್ದತಿಯಲ್ಲೂ ಎರಡು ಬಗೆ

ಕೊಟ್ಟ ಜಾಮೀನು ಎರಡು ಕಾರಣಕ್ಕೆ ಹೋಗಬಹುದು. ಹೊರಬಂದವನು ಷರತ್ತು ಮುರಿದ, ಸಾಕ್ಷಿಗೆ ಬೆದರಿಕೆ ಹಾಕಿದ ಎಂದಾದರೆ ಅದು ಅವನ ನಡತೆಗೆ ಸಂಬಂಧಿಸಿದ ರದ್ದತಿ. ಇನ್ನೊಂದರಲ್ಲಿ ಅವನ ನಡತೆಯ ಪ್ರಶ್ನೆಯೇ ಬರಬೇಕೆಂದಿಲ್ಲ. ಜಾಮೀನು ಕೊಟ್ಟ ಆದೇಶವೇ ತಪ್ಪಾಗಿದ್ದರೆ ಮೇಲಿನ ಕೋರ್ಟ್ ಆ ಆದೇಶವನ್ನು ತೆಗೆದುಹಾಕಬಹುದು.

ದರ್ಶನ್ ಪ್ರಕರಣದಲ್ಲಿ ಮುಖ್ಯವಾಗಿ ಆದದ್ದು ಎರಡನೆಯದು. ವಿಚಾರಣೆ ಮುಗಿದ ಮೇಲೆ ತೂಗಬೇಕಾದ ಪುರಾವೆಯನ್ನು ಹೈಕೋರ್ಟ್ ಜಾಮೀನಿನ ಹಂತದಲ್ಲೇ ಆಳಕ್ಕಿಳಿದು ತೂಗಿದೆ ಎಂಬುದು ಸುಪ್ರೀಂ ಕೋರ್ಟಿನ ದೊಡ್ಡ ಆಕ್ಷೇಪ. ಆರೋಪದ ಗಂಭೀರತೆ, ಆರೋಪಿಯ ಪ್ರಭಾವ, ಸಾಕ್ಷಿಗಳ ಮೇಲೆ ಆಗಬಹುದಾದ ಒತ್ತಡ ಇವಕ್ಕೆಲ್ಲ ಸಿಗಬೇಕಾದ ತೂಕ ಸಿಕ್ಕಿಲ್ಲ ಎಂದೂ ಹೇಳಿತು. ಆ ಆರೋಪಗಳು ನಿಜವೋ ಸುಳ್ಳೋ ಎಂಬುದನ್ನು ಅಲ್ಲಿ ತೀರ್ಮಾನಿಸಲಿಲ್ಲ. ಅದು ವಿಚಾರಣಾ ಕೋರ್ಟಿನ ಕೆಲಸ.

ಹಾಗಾಗಿ ಎರಡು ಆಗಸ್ಟ್‌ಗಳ ಎರಡು ಆದೇಶಗಳು ಕಾಣುವಷ್ಟು ಎದುರುಬದುರಾಗಿ ನಿಂತಿಲ್ಲ. ಒಂದು, ವಿಚಾರಣೆ ಸದ್ಯಕ್ಕೆ ಮುಗಿಯುವ ಲಕ್ಷಣವೇ ಇಲ್ಲದ ಕೇಸಿನಲ್ಲಿ 17 ತಿಂಗಳಿಂದ ಒಳಗಿದ್ದವರ ಬಗ್ಗೆ. ಸಿಸೋಡಿಯಾ ಅವರ ಕೇಸುಗಳಲ್ಲಿ ಪ್ರಾಸಿಕ್ಯೂಷನ್ ಹೆಸರಿಸಿದ್ದ ಸಾಕ್ಷಿಗಳೇ 493. ಇನ್ನೊಂದು, ಸಾಕ್ಷಿಗಳು ಹೆದರದೆ ಕೋರ್ಟಿಗೆ ಬಂದು ನಿಲ್ಲಬಹುದೇ ಎಂಬುದರ ಬಗ್ಗೆ. ಅಳೆಯುವ ಕೋಲು ಒಂದೇ, ಅಳೆದ ವಸ್ತು ಬೇರೆ.

ಬಂಧಿಸುವ ಕೈಗೂ ಒಂದು ಕಟ್ಟು

ಕಾನೂನು ಅಂದ ಕೂಡಲೇ ಜನಕ್ಕೆ ನೆನಪಾಗುವುದು ಜನರ ಮೇಲಿನ ಕಟ್ಟುಪಾಡು. ಹೆಲ್ಮೆಟ್ ಹಾಕು, ತೆರಿಗೆ ಕಟ್ಟು, ಕದಿಯಬೇಡ. ಸಂವಿಧಾನದ 21 ಮತ್ತು 22ನೇ ವಿಧಿಗಳು ಹೊರಟಿರುವುದು ಇನ್ನೊಂದು ದಿಕ್ಕಿಗೆ. ಅವು ಕಟ್ಟುವುದು ಸರ್ಕಾರದ ಕೈಯನ್ನು. ಕಾನೂನು ಹೇಳಿದ ಕ್ರಮದ ಹೊರತು ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎನ್ನುತ್ತದೆ 21ನೇ ವಿಧಿ. ಬಂಧಿಸಿದರೆ ಏಕೆಂದು ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು ಎನ್ನುತ್ತದೆ 22ನೇ ವಿಧಿ. ಅಪರಾಧ ನಡೆಯುವ ಮೊದಲೇ ಕೂಡಿಹಾಕುವ ಮುಂಜಾಗ್ರತಾ ಬಂಧನಕ್ಕೆ ಮಾತ್ರ ಇದೇ ವಿಧಿ ಬೇರೆ, ಸಡಿಲವಾದ ನಿಯಮ ಇಟ್ಟಿದೆ. ಅಲ್ಲಿ ಜಾಮೀನು ಎಂಬ ಮಾತೇ ಇಲ್ಲ.

‘ಕಾನೂನು ಹೇಳಿದ ಕ್ರಮ’ ಎಂಬ ಮೂರು ಪದದ ಮೇಲೆ ದೊಡ್ಡ ಜಗ್ಗಾಟ ನಡೆದಿದೆ. 1950ರಲ್ಲಿ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿರಿದಾಗಿ ಓದಿತು. ಸಂಸತ್ತು ಒಂದು ಕ್ರಮ ಬರೆದಿಟ್ಟಿದ್ದರೆ ಸಾಕು, ಅದು ನ್ಯಾಯವಾಗಿದೆಯೇ ಎಂದು ಕೋರ್ಟ್ ನೋಡಬೇಕಿಲ್ಲ ಎಂಬ ಧೋರಣೆ ಅದು. ಆ ಓದು ಎಲ್ಲಿಗೆ ತಲುಪಬಹುದು ಎಂಬುದನ್ನು ತುರ್ತು ಪರಿಸ್ಥಿತಿ ತೋರಿಸಿಕೊಟ್ಟಿತು.

1975ರ ಜೂನ್ ಕೊನೆಯಲ್ಲಿ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಲ್ಲೇ ಬಂಧನಕ್ಕೊಳಗಾದರು. ಇವತ್ತು ಫ್ರೀಡಂ ಪಾರ್ಕ್ ಆಗಿರುವ ಜಾಗದಲ್ಲಿದ್ದ ಸೆಂಟ್ರಲ್ ಜೈಲಿಗೆ ಅವರನ್ನು ಕಳಿಸಲಾಯಿತು. ಮರುವರ್ಷ ಅದೇ ಜೈಲಿಗೆ ನಟಿ ಸ್ನೇಹಲತಾ ರೆಡ್ಡಿ ಬಂದರು. ಅವರಿಗೆ ತೀವ್ರ ಆಸ್ತಮಾ ಇತ್ತು. ತಿಂಗಳುಗಟ್ಟಲೆ ಒಳಗಿಟ್ಟು, ದೇಹ ಪೂರ್ತಿ ಕುಸಿದ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಅವರು ಅಪರಾಧಿ ಎಂದು ಯಾವ ಕೋರ್ಟೂ ಹೇಳಿರಲಿಲ್ಲ.

ಬಂಧಿತರು ಹೈಕೋರ್ಟುಗಳ ಬಾಗಿಲು ತಟ್ಟಿದರು. ಒಂಬತ್ತು ಹೈಕೋರ್ಟುಗಳು, ತುರ್ತು ಪರಿಸ್ಥಿತಿ ಇದ್ದರೂ ಬಂಧನ ಕಾನೂನುಬದ್ಧವೇ ಎಂದು ನಾವು ನೋಡಬಹುದು ಎಂದವು. ಕರ್ನಾಟಕ ಹೈಕೋರ್ಟ್ ಅವುಗಳಲ್ಲೊಂದು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. ವಾದದ ನಡುವೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ, ಒಬ್ಬ ಪೊಲೀಸ್ ಅಧಿಕಾರಿ ವೈಯಕ್ತಿಕ ದ್ವೇಷದಿಂದ ಯಾರನ್ನಾದರೂ ಕೊಂದರೂ ಕೋರ್ಟಿನಲ್ಲಿ ಪರಿಹಾರ ಇಲ್ಲವೇ ಎಂದು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದರು. ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬ ಉತ್ತರ ಬಂತು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ವಾದ ಒಪ್ಪಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಸೇವಾ ಹಿರಿತನದ ಪ್ರಕಾರ ಅವರಿಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರಿಗಿಂತ ಕಿರಿಯರಿಗೆ ಹೋಯಿತು. ಅವರು ರಾಜೀನಾಮೆ ಕೊಟ್ಟರು.

ನಂತರದ ತಿದ್ದುಪಡಿಗಳು ಇದೇ ಗಾಯದಿಂದ ಬಂದವು. ಮೇನಕಾ ಗಾಂಧಿ ಅವರ ಪಾಸ್‌ಪೋರ್ಟ್ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್, ಕ್ರಮ ಇದ್ದರೆ ಸಾಲದು, ಅದು ನ್ಯಾಯವಾಗಿಯೂ ಸಮಂಜಸವಾಗಿಯೂ ಇರಬೇಕು ಎಂದಿತು. ಸಂವಿಧಾನದ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿಯನ್ನು ತಡೆಹಿಡಿಯುವಂತಿಲ್ಲ ಎಂದು ಬರೆಯಿತು. 1976ರ ಆ ತೀರ್ಪನ್ನು ಕೋರ್ಟ್ ತಾನೇ ತೆಗೆದುಹಾಕಿದ್ದು 2017ರಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠದ ಖಾಸಗಿತನದ ತೀರ್ಪಿನಲ್ಲಿ. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಂದು ತಪ್ಪು ಸರಿಯಾಗಲು 41 ವರ್ಷ ಬೇಕಾಯಿತು.

ವಿಶೇಷ ಕಾಯ್ದೆಗಳಲ್ಲಿ ತಿರುಗಿದ ಭಾರ

ಈಗಿನ ಗೊಂದಲದ ನಿಜವಾದ ಗಂಟು ಇಲ್ಲಿದೆ. ಮಾಮೂಲಿ ಕೇಸಿನಲ್ಲಿ, ಇವನನ್ನು ಒಳಗೇ ಇಡಬೇಕು ಏಕೆ ಎಂದು ಸರ್ಕಾರಿ ವಕೀಲರು ವಿವರಿಸಬೇಕು. ಕೆಲವು ವಿಶೇಷ ಕಾಯ್ದೆಗಳಲ್ಲಿ ಆ ಭಾರ ತಿರುಗಿ ಆರೋಪಿಯ ಹೆಗಲಿಗೆ ಬೀಳುತ್ತದೆ.

ಭಯೋತ್ಪಾದನೆ ತಡೆಗೆ ಬಳಸುವ ಯುಎಪಿಎ ಕಾಯ್ದೆಗೆ, ಮುಂಬೈ ದಾಳಿಯ ಬೆನ್ನಿಗೇ 2008ರ ಡಿಸೆಂಬರ್‌ನಲ್ಲಿ 43ಡಿ ಸೆಕ್ಷನ್ ಸೇರಿತು. ಪೊಲೀಸರ ಕೇಸ್ ಡೈರಿ ಅಥವಾ ಚಾರ್ಜ್‌ಶೀಟ್ ನೋಡಿದಾಗ ಆರೋಪ ಮೇಲ್ನೋಟಕ್ಕೆ ನಿಜ ಎನ್ನಿಸಿದರೆ ಜಾಮೀನು ಕೊಡುವಂತಿಲ್ಲ ಎನ್ನುತ್ತದೆ ಅದು. ಚಾರ್ಜ್‌ಶೀಟ್ ಬರೆಯುವವರು ತನಿಖೆ ಮಾಡಿದವರೇ. ಬರೆದವರ ಕಾಗದ ಓದಿ ಬರೆದವರ ಮಾತು ನಿಜವೇ ಎಂದು ಕೋರ್ಟ್ ಹೇಳಬೇಕು. ಆ ಕಾಗದವನ್ನು ಈ ಹಂತದಲ್ಲಿ ಆಳವಾಗಿ ಪ್ರಶ್ನಿಸಬಾರದು ಎಂದು ಸುಪ್ರೀಂ ಕೋರ್ಟಿನ 2019ರ ವಟಾಲಿ ತೀರ್ಪು ಹೇಳಿದ ಮೇಲೆ ಬಾಗಿಲು ಇನ್ನೂ ಕಿರಿದಾಯಿತು. ಮಾಮೂಲಿ ಕೇಸಿನಲ್ಲಿ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಯುಎಪಿಎಯಲ್ಲಿ ಆ ಗಡುವನ್ನು 180 ದಿನಕ್ಕೆ ಹಿಗ್ಗಿಸಬಹುದು.

ಅಕ್ರಮ ಹಣ ವರ್ಗಾವಣೆ ತಡೆಯುವ ಪಿಎಂಎಲ್‌ಎ ಕಾಯ್ದೆಯ 45ನೇ ಸೆಕ್ಷನ್ ಇನ್ನೊಂದು ಬಗೆ. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣಗಳಿವೆ, ಹೊರಬಂದರೆ ಅಪರಾಧ ಮಾಡಲಾರ, ಈ ಎರಡೂ ಕೋರ್ಟಿಗೆ ಮನವರಿಕೆ ಆಗಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ ಈ ಜೋಡಿ ಷರತ್ತನ್ನು ಅಸಿಂಧು ಎಂದಿತು. ಸಂಸತ್ತು 2018ರಲ್ಲಿ ಕಾಯ್ದೆ ತಿದ್ದಿತು. 2022ರ ಜುಲೈನಲ್ಲಿ ವಿಜಯ್ ಮದನ್‌ಲಾಲ್ ಪ್ರಕರಣದಲ್ಲಿ ಕೋರ್ಟ್ ತಿದ್ದಿದ್ದನ್ನು ಎತ್ತಿಹಿಡಿಯಿತು. ಮಾದಕ ವಸ್ತುಗಳ ಕಾಯ್ದೆಯ 37ನೇ ಸೆಕ್ಷನ್ನಿನಲ್ಲೂ ಇಂಥದ್ದೇ ಷರತ್ತಿದೆ.

ಇದರ ಪರಿಣಾಮ ಏನೆಂದು ನಿಧಾನವಾಗಿ ನೋಡಬೇಕು. ಸಾಕ್ಷಿಯ ಪಾಟೀಸವಾಲು ಇನ್ನೂ ಆಗಿಲ್ಲ. ಆರೋಪಿ ಜೈಲಿನಲ್ಲಿದ್ದಾನೆ. ಅಲ್ಲಿಂದಲೇ ಅವನು ತನ್ನ ಮೇಲಿನ ಕೇಸು ಮೇಲ್ನೋಟಕ್ಕೇ ನಿಲ್ಲುವುದಿಲ್ಲ ಎಂದು ತೋರಿಸಬೇಕು. ಜಾಮೀನು ವಿಚಾರಣೆ ಸಣ್ಣದೊಂದು ತೀರ್ಪೇ ಆಗಿಬಿಡುತ್ತದೆ, ಅದೂ ಸಾಕ್ಷಿಗಳಿಲ್ಲದ ತೀರ್ಪು. ಎಫ್‌ಐಆರ್‌ನಲ್ಲಿ ಯಾವ ಸೆಕ್ಷನ್ ಹಾಕಬೇಕು ಎಂದು ಠಾಣೆಯಲ್ಲಿ ಕೂತ ಅಧಿಕಾರಿ ಬರೆಯುವ ಒಂದು ಸಾಲು, ಒಬ್ಬನ ಮುಂದಿನ ಮೂರು ನಾಲ್ಕು ವರ್ಷವನ್ನು ನಿರ್ಧರಿಸಬಹುದು. ಅಧಿಕಾರ ಯಾರ ಕೈಯಲ್ಲಿದೆ ಎಂದು ಹುಡುಕುವವರು ದೆಹಲಿಯ ಕಡೆ ನೋಡುತ್ತಾರೆ. ಇಂಥ ಕಾಯ್ದೆಗಳಲ್ಲಿ ಅದು ಆ ಒಂದು ಸಾಲಿನಲ್ಲೇ ಇರುತ್ತದೆ.

ಒಂದೇ ವರ್ಷ, ಎರಡು ಮಾತು

2024ರ ಫೆಬ್ರವರಿಯಲ್ಲಿ ಗುರ್ವಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ‘ಜಾಮೀನೇ ನಿಯಮ’ ಎಂಬ ಮಾತಿಗೆ ಯುಎಪಿಎಯಲ್ಲಿ ಜಾಗವಿಲ್ಲ ಎಂದಿತು. ಅದೇ ವರ್ಷ ಆಗಸ್ಟ್‌ನಲ್ಲಿ ಜಲಾಲುದ್ದೀನ್ ಖಾನ್ ಪ್ರಕರಣದಲ್ಲಿ ಇನ್ನಿಬ್ಬರ ಪೀಠ, ವಿಶೇಷ ಕಾಯ್ದೆಗಳಿಗೂ ಅದೇ ನಿಯಮ ಅನ್ವಯ, ಕಾಯ್ದೆಯ ಷರತ್ತುಗಳು ಕೂಡಿಬಂದರೆ ಜಾಮೀನು ನಿರಾಕರಿಸುವಂತಿಲ್ಲ ಎಂದಿತು. ಆರೇ ತಿಂಗಳ ಅಂತರ.

ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಸೇರಿ ಮೂವತ್ತಕ್ಕೂ ಹೆಚ್ಚು ಸ್ಥಾನಗಳಿವೆ. ಕೆಲಸ ನಡೆಯುವುದು ಬಹುಪಾಲು ಇಬ್ಬಿಬ್ಬರ ಪೀಠಗಳಲ್ಲಿ. ‘ಸುಪ್ರೀಂ ಕೋರ್ಟ್ ಹೇಳಿತು’ ಎಂದು ನಾವು ಓದುವಾಗ ಮಾತಾಡಿದ್ದು ಆ ದಿನದ ಆ ಇಬ್ಬರು. ಈ ಇಬ್ಬರನ್ನು ಕಟ್ಟುವುದು ಅವರಿಗಿಂತ ದೊಡ್ಡ ಪೀಠ. ಇಲ್ಲಿ ಅಂಥದ್ದೊಂದು ಇದೆ: ಮೂವರ ಪೀಠ 2021ರಲ್ಲಿ ಕೊಟ್ಟ ನಜೀಬ್ ತೀರ್ಪು. ಕೇರಳದ ಆ ಪ್ರಕರಣದಲ್ಲಿ ಆರೋಪಿ ಐದು ವರ್ಷಕ್ಕೂ ಜಾಸ್ತಿ ಒಳಗಿದ್ದ. ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿ ಇತ್ತು. ಯುಎಪಿಎ ಎಷ್ಟೇ ಬಿಗಿ ಇರಲಿ, ವಿಚಾರಣೆ ಸಮಯಕ್ಕೆ ಮುಗಿಯುವ ಸಾಧ್ಯತೆಯೇ ಇಲ್ಲವಾದರೆ ಸಂವಿಧಾನದ ಕೋರ್ಟುಗಳು, ಅಂದರೆ ಹೈಕೋರ್ಟುಗಳು ಮತ್ತು ಸುಪ್ರೀಂ ಕೋರ್ಟ್, ಜಾಮೀನು ಕೊಡಬಹುದು ಎಂದಿತು ಪೀಠ. ಮುಂದೆ ಕೆಲವು ಪೀಠಗಳು ನಜೀಬ್ ತೀರ್ಪನ್ನು ಹಿಗ್ಗಿಸಿ ಓದಿದವು, ಕೆಲವು ತಮ್ಮ ಮುಂದಿರುವ ಕೇಸು ಬೇರೆ ಎಂದು ಪಕ್ಕಕ್ಕಿಟ್ಟವು. ಒಬ್ಬನ ಸ್ವಾತಂತ್ರ್ಯ ಯಾವ ಪೀಠದ ಪಟ್ಟಿಗೆ ಅವನ ಅರ್ಜಿ ಬಿತ್ತು ಎಂಬುದರ ಮೇಲೆ ನಿಲ್ಲಬಾರದು. ಇದನ್ನು ಸರಿಮಾಡಬೇಕಾದ್ದು ಕೋರ್ಟೇ.

ಬಿಗಿ ಬೇಕು ಎನ್ನುವವರು, ಬೇಡ ಎನ್ನುವವರು

ಬಿಗಿ ಜಾಮೀನು ಬೇಕು ಎನ್ನುವವರ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಬಾಂಬ್ ಸ್ಫೋಟದ ಜಾಲ, ಹತ್ತು ದೇಶ ಸುತ್ತಿಬರುವ ಹಣ, ಇವು ಬೀದಿ ಜಗಳದಂಥ ಕೇಸುಗಳಲ್ಲ. ಸಾಕ್ಷಿಗೆ ಒಂದು ಫೋನ್ ಕರೆ ಸಾಕು, ಮಾತು ಬದಲಾಗುತ್ತದೆ. ವಿಜಯ್ ಮಲ್ಯ 2016ರಲ್ಲಿ, ನೀರವ್ ಮೋದಿ 2018ರಲ್ಲಿ ದೇಶ ಬಿಟ್ಟು ಹೋದರು. ಹೋದವರನ್ನು ವಾಪಸ್ ಕರೆತರುವುದು ಎಷ್ಟು ಕಷ್ಟ ಎಂದು ದೇಶವೇ ನೋಡಿದೆ. ಸತ್ತವನ ಮನೆಯವರ ಕಡೆಯಿಂದಲೂ ನೋಡಬೇಕು. ಪ್ರಭಾವಿ ಆರೋಪಿ ಹಾರ ಹಾಕಿಸಿಕೊಂಡು ಹೊರಬರುವ ದೃಶ್ಯವನ್ನು ಟಿವಿಯಲ್ಲಿ ನೋಡುವ ಆ ತಾಯಿತಂದೆಗೆ, ಇದು ತೀರ್ಪಲ್ಲ ಎಂಬ ಮಾತಿನಿಂದ ಯಾವ ಸಮಾಧಾನವೂ ಸಿಗುವುದಿಲ್ಲ.

ಇನ್ನೊಂದು ಕಡೆಯವರ ವಾದ ಒಂದು ಸರಳ ಪ್ರಶ್ನೆಯಿಂದ ಶುರುವಾಗುತ್ತದೆ: ಕೊನೆಗೆ ಖುಲಾಸೆಯಾದರೆ? ಒಳಗೆ ಕಳೆದ ವರ್ಷಗಳನ್ನು ಯಾರು ಕೊಡುತ್ತಾರೆ? ತಪ್ಪಾಗಿ ಜೈಲಿನಲ್ಲಿಟ್ಟವರಿಗೆ ಪರಿಹಾರ ಕೊಡುವ ಪ್ರತ್ಯೇಕ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲೇ ಹೇಳಿದೆ. ಪತ್ರಕರ್ತ, ಹೋರಾಟಗಾರ, ವಿರೋಧ ಪಕ್ಷದ ನಾಯಕ, ಹೀಗೆ ಸರ್ಕಾರಕ್ಕೆ ಇಷ್ಟವಿಲ್ಲದವರ ಮೇಲೆ ಇದೇ ಸೆಕ್ಷನ್‌ಗಳು ಬೀಳಬಹುದು ಎಂಬ ಭಯವೂ ಇದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ಭಯ ಒಂದೇ. ಇಂದು ಬಿಗಿ ಕಾಯ್ದೆ ಬೇಕೆನ್ನುವವರು ನಾಳೆ ವಿರೋಧ ಪಕ್ಷದಲ್ಲಿ ಕೂರಬಹುದು.

ಇವೆರಡರ ನಡುವೆ ಈ ಲೇಖನದ ನಿಲುವು ಹೀಗಿದೆ. ಬಿಗಿಯಾದ ಜಾಮೀನು ಕಾಯ್ದೆಯನ್ನು ಒಂದು ಸಮಾಜ ಒಪ್ಪಿಕೊಳ್ಳಬಹುದು, ವಿಚಾರಣೆ ಒಂದೆರಡು ವರ್ಷದಲ್ಲಿ ಮುಗಿಯುವುದಾದರೆ. ತಡವಾಗುವ ವಿಚಾರಣೆಯನ್ನೂ ಸಹಿಸಿಕೊಳ್ಳಬಹುದು, ಜಾಮೀನು ಸುಲಭವಾಗಿ ಸಿಗುವುದಾದರೆ. ಬಿಗಿ ಜಾಮೀನು, ನಿಧಾನದ ವಿಚಾರಣೆ ಎರಡನ್ನೂ ಸರ್ಕಾರ ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ. ಒಟ್ಟಿಗೆ ಇಟ್ಟುಕೊಂಡರೆ ಶಿಕ್ಷೆ ಮೊದಲು, ತೀರ್ಪು ಆಮೇಲೆ ಎಂದಾಗುತ್ತದೆ.

ಜಾಮೀನು ಸಿಕ್ಕಿದರೂ ಬಾಗಿಲು ತೆರೆಯದವರು

ಸುದ್ದಿಯಾಗುವ ಹೆಸರುಗಳಾಚೆ ದೊಡ್ಡ ಲೆಕ್ಕವೊಂದಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶದಂತೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ಇನ್ನೂ ತೀರ್ಪೇ ಬಂದಿರಲಿಲ್ಲ. ಜೈಲುಗಳು ತುಂಬಿದ್ದದ್ದು ಸಾಮರ್ಥ್ಯದ 131.4 ಪ್ರತಿಶತ. ನೂರು ಜನರ ಜಾಗದಲ್ಲಿ ನೂರ ಮೂವತ್ತೊಂದು ಜನ ಮಲಗುತ್ತಿದ್ದರು.

ಇವರಲ್ಲಿ ಎಷ್ಟೋ ಮಂದಿಗೆ ಅಡ್ಡಿ ಯುಎಪಿಎ ಅಲ್ಲ, ಶ್ಯೂರಿಟಿ. ಜಾಮೀನು ಆದೇಶ ಆದ ಮೇಲೆ ಬಾಂಡ್ ಬರೆದುಕೊಡಬೇಕು, ಜಾಮೀನುದಾರರು ಬಂದು ನಿಲ್ಲಬೇಕು. ನಮ್ಮ ಕಡೆ ಕೋರ್ಟಿನ ಅಂಗಳದಲ್ಲಿ ಪಹಣಿ ಹಿಡಿದುಕೊಂಡು ಕಾಯುವವರನ್ನು ನೋಡಿರುತ್ತೀರಿ. ಅವರು ಇದಕ್ಕೇ ಬಂದವರು. ಜಮೀನಿದ್ದವರು, ಜಮೀನಿದ್ದ ನೆಂಟರಿದ್ದವರು ಸಂಜೆಗೆ ಹೊರಬರುತ್ತಾರೆ. ಬೇರೆ ಜಿಲ್ಲೆಯಿಂದಲೋ ಬೇರೆ ರಾಜ್ಯದಿಂದಲೋ ಕೂಲಿಗೆ ಬಂದವನಿಗೆ ಯಾರು ಪಹಣಿ ಇಡುತ್ತಾರೆ?

ಈ ಪ್ರಶ್ನೆ ಹಳೆಯದು. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಆತ ಗಾರೆ ಕೆಲಸದವನು. ಸುಪ್ರೀಂ ಕೋರ್ಟೇ ಅವನಿಗೆ ಜಾಮೀನು ಕೊಟ್ಟಿತ್ತು. ಕೆಳಗೆ ಮ್ಯಾಜಿಸ್ಟ್ರೇಟ್ 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅವನ ಅಣ್ಣತಮ್ಮಂದಿರಲ್ಲೊಬ್ಬ ಶ್ಯೂರಿಟಿ ನಿಲ್ಲಲು ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ವಾಪಸ್ ಕಳಿಸಿದರು. ದೇಶದ ದೊಡ್ಡ ಕೋರ್ಟ್ ಬಿಡುಗಡೆ ಮಾಡಿ ಎಂದರೂ ಆತ ಒಳಗೇ ಉಳಿದ. ಮತ್ತೆ ಸುಪ್ರೀಂ ಕೋರ್ಟಿಗೇ ಬರಬೇಕಾಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್, 1,000 ರೂಪಾಯಿಯ ಅವನದೇ ಬಾಂಡ್ ಮೇಲೆ ಬಿಡಿ ಎಂದರು. ಬೇರೆ ಜಿಲ್ಲೆಯವನೆಂದು ಶ್ಯೂರಿಟಿ ನಿರಾಕರಿಸುವುದನ್ನು ಕಟುವಾಗಿ ಖಂಡಿಸಿದರು.

ಮರುವರ್ಷ ಬಿಹಾರದ ಹುಸೈನಾರಾ ಖಾತೂನ್ ಪ್ರಕರಣ ಇನ್ನೂ ಕೆಟ್ಟ ಚಿತ್ರ ತೋರಿಸಿತು. ಅಪರಾಧ ಸಾಬೀತಾಗಿದ್ದರೂ ಸಿಗುತ್ತಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೂತವರು ಅಲ್ಲಿದ್ದರು. ಬೇಗ ವಿಚಾರಣೆ ನಡೆಯುವುದು 21ನೇ ವಿಧಿಯ ಹಕ್ಕು ಎಂದು ಕೋರ್ಟ್ ಹೇಳಿದ್ದು ಆಗಲೇ. ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂದು ನಮ್ಮ ಜನ ಆಸ್ತಿ ವ್ಯಾಜ್ಯ ನೋಡಿ ಹೇಳಿದ ಮಾತು ಇವರಿಗೂ ಅಕ್ಷರಶಃ ಹೊಂದುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಇದಕ್ಕೊಂದು ದಾರಿ ಮಾಡಿದೆ. ಹಿಂದೆ ಯಾವ ಕೇಸಿನಲ್ಲೂ ಅಪರಾಧಿ ಎಂದು ಸಾಬೀತಾಗದವನು ಈಗಿನ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಅವನನ್ನು ಬಾಂಡ್ ಮೇಲೆ ಬಿಡಬೇಕು. ಉಳಿದವರಿಗೆ ಅರ್ಧ ಭಾಗ. ಹಳೆಯ ಕೇಸುಗಳ ಕೈದಿಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ ಅದೇ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಇಲ್ಲ. ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೂ ಇಲ್ಲ. ಆ ಕೊನೆಯ ಮಾತು ದೊಡ್ಡ ತೂತು. ಒಂದೇ ಘಟನೆಗೆ ಎರಡು ಎಫ್‌ಐಆರ್ ಹಾಕುವುದು ಕಷ್ಟವೇನಲ್ಲ, ಅಲ್ವಾ? ದುಡ್ಡಿಲ್ಲದ ಕೈದಿಗಳ ಜಾಮೀನಿನ ಹಣ ಭರಿಸುವ ಕೇಂದ್ರದ ಯೋಜನೆ 2023ರಲ್ಲೇ ಬಂದಿದೆ. ಅದು ಕೈದಿಗೆ ತಲುಪಬೇಕಾದರೆ ಜೈಲಿನ ಅಧಿಕಾರಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇಬ್ಬರೂ ಅವನ ಹೆಸರನ್ನು ಹುಡುಕಿ ತೆಗೆಯಬೇಕು. ತನಗೆ ಅಂಥ ಹಕ್ಕಿದೆ ಎಂದು ಗೊತ್ತಿಲ್ಲದವನು ಅರ್ಜಿ ಹಾಕುವುದಾದರೂ ಹೇಗೆ?

ಒಂದು ಹಾಳೆಯ ತೂಕ

ಈಚಿನ ಎರಡು ಮೂರು ವರ್ಷಗಳಲ್ಲಿ ಸದ್ದಿಲ್ಲದೆ ಆದ ದೊಡ್ಡ ಬದಲಾವಣೆ ಬಂಧನದ ಮೊದಲ ಗಂಟೆಗಳಿಗೆ ಸಂಬಂಧಿಸಿದ್ದು. ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಕಾರಣ ದಾಖಲಿಸದೆ ಬಂಧಿಸಬಾರದು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತ್ತು. ಠಾಣೆಗಳು ಅದಕ್ಕೊಂದು ಚೆಕ್‌ಲಿಸ್ಟ್ ಮಾಡಿಕೊಂಡವು. ಪುರಾವೆ ನಾಶ ತಡೆಯಲು, ಸಾಕ್ಷಿಗಳ ಮೇಲೆ ಪ್ರಭಾವ ತಡೆಯಲು, ತನಿಖೆಗೆ ಎಂದೆಲ್ಲ ಮೊದಲೇ ಮುದ್ರಿಸಿದ ಸಾಲುಗಳ ಮುಂದೆ ಟಿಕ್ ಹಾಕಿದರೆ ಮುಗಿಯಿತು. ಯಾರ ಹೆಸರು ಬರೆದರೂ ಆ ಹಾಳೆ ಹೊಂದುತ್ತದೆ. ಹಾಗಾಗಿ ಅದರಿಂದ ಬಂಧಿತನಿಗೆ ಏನೂ ತಿಳಿಯುವುದಿಲ್ಲ.

2023ರ ಅಕ್ಟೋಬರ್‌ನಲ್ಲಿ ಪಂಕಜ್ ಬನ್ಸಲ್ ಪ್ರಕರಣದಲ್ಲಿ, ಜಾರಿ ನಿರ್ದೇಶನಾಲಯದ (ಇ.ಡಿ.) ಅಧಿಕಾರಿಗಳು ಬಂಧನದ ಆಧಾರವನ್ನು ಬರೀ ಓದಿ ಹೇಳಿದರೆ ಸಾಲದು, ಬರೆದು ಕೊಡಬೇಕು ಎಂದಿತು ಸುಪ್ರೀಂ ಕೋರ್ಟ್. 2024ರ ಮೇ ತಿಂಗಳಲ್ಲಿ ಪತ್ರಕರ್ತ ಪ್ರಬೀರ್ ಪುರಕಾಯಸ್ಥ ಅವರ ಬಂಧನವನ್ನು ಇದೇ ಕಾರಣಕ್ಕೆ ಅಸಿಂಧು ಎಂದಿತು. ಅವರ ವಕೀಲರಿಗೆ ಸರಿಯಾಗಿ ತಿಳಿಸದೆ, ಬೆಳಗಿನ ಆರರ ಹೊತ್ತಿಗೇ ಅವರನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲಾಗಿತ್ತು. ಎಲ್ಲರಿಗೂ ಹೊಂದುವ ‘ಬಂಧನದ ಕಾರಣ’ ಬೇರೆ, ಈ ವ್ಯಕ್ತಿ ಮಾಡಿದ ಎನ್ನಲಾದ ಕೃತ್ಯವನ್ನು ಹೇಳುವ ‘ಬಂಧನದ ಆಧಾರ’ ಬೇರೆ ಎಂದು ಆ ತೀರ್ಪು ಬಿಡಿಸಿ ಹೇಳಿತು. 2025ರ ಫೆಬ್ರವರಿಯಲ್ಲಿ ಹರಿಯಾಣದ ಒಂದು ಪ್ರಕರಣ ಬಂತು. ಬಂಧಿತನನ್ನು ಆಸ್ಪತ್ರೆಯ ಮಂಚಕ್ಕೆ ಬೇಡಿ ಹಾಕಿ ಕಟ್ಟಿದ್ದರು. ಆಧಾರ ತಿಳಿಸದ ಆ ಬಂಧನವೂ ಬಿತ್ತು.

ದರ್ಶನ್ ಪ್ರಕರಣ ಇಲ್ಲಿ ಮತ್ತೆ ಬರುತ್ತದೆ. ಆಧಾರವನ್ನು ಸಮಯಕ್ಕೆ ಬರೆದು ಕೊಟ್ಟಿಲ್ಲ ಎಂಬುದೂ ಹೈಕೋರ್ಟ್ ಜಾಮೀನು ಕೊಡಲು ಒಂದು ಕಾರಣವಾಗಿತ್ತು. ಅದರಿಂದ ಆರೋಪಿಗಳಿಗೆ ನಿಜಕ್ಕೂ ತೊಂದರೆಯಾಯಿತು ಎಂದು ತೋರಿಸಿಲ್ಲವಾದ್ದರಿಂದ ಅಷ್ಟಕ್ಕೇ ಜಾಮೀನು ಕೊಡಲಾಗದು ಎಂದಿತು ಸುಪ್ರೀಂ ಕೋರ್ಟ್. ಮೂರು ತಿಂಗಳೊಳಗೆ, 2025ರ ನವೆಂಬರ್ 6ರಂದು, ಮಿಹಿರ್ ಶಾ ಪ್ರಕರಣದಲ್ಲಿ ಇನ್ನೊಂದು ಪೀಠ ಗೆರೆ ಎಳೆಯಿತು. ಯಾವ ಕಾಯ್ದೆಯ ಕೇಸೇ ಇರಲಿ, ಬಂಧನದ ಆಧಾರವನ್ನು ಬರೆದೇ ಕೊಡಬೇಕು. ತಕ್ಷಣ ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಹಾಳೆ ಕೈಯಲ್ಲಿರಬೇಕು. ಇಲ್ಲದಿದ್ದರೆ ಬಂಧನವೇ ಅಕ್ರಮ. ಇನ್ನು ಮುಂದಿನ ಬಂಧನಗಳಿಗೆ ಇದು ನಿಯಮ.

ಇದರಿಂದ ಅಪರಾಧಿಗಳು ತಾಂತ್ರಿಕ ಕಾರಣಕ್ಕೆ ತಪ್ಪಿಸಿಕೊಳ್ಳುತ್ತಾರೆ ಎಂಬ ಆಕ್ಷೇಪ ಈಗಾಗಲೇ ಕೇಳುತ್ತಿದೆ. ಆದರೆ ಪೊಲೀಸರ ಕೈ ಪೂರ್ತಿ ಕಟ್ಟಿಲ್ಲ. ಹಾಳೆ ಕೊಟ್ಟು ಮ್ಯಾಜಿಸ್ಟ್ರೇಟ್ ಮುಂದೆ ಮತ್ತೆ ಕಸ್ಟಡಿ ಕೇಳಲು ಅವಕಾಶ ಇದೆ. ಹೊರೆ ಬೀಳುವುದು ಬರೆಯಲು ಏನೂ ಇಲ್ಲದ ಬಂಧನದ ಮೇಲೆ.

ಆ ಹಾಳೆಯ ಬಗ್ಗೆ ಕೋರ್ಟ್ ಇನ್ನೊಂದು ಮಾತನ್ನೂ ಸೇರಿಸಿದೆ. ಅದು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ದೆಹಲಿಯಲ್ಲೋ ಮುಂಬೈಯಲ್ಲೋ ದುಡಿಯಲು ಹೋಗಿ ಸಿಕ್ಕಿಬಿದ್ದ, ಕನ್ನಡ ಬಿಟ್ಟು ಬೇರೆ ಓದಲು ಬಾರದವನ ಕೈಗೆ ಹಿಂದಿಯ ಹಾಳೆ ಇಟ್ಟು ಸಹಿ ಹಾಕಿಸಿಕೊಂಡರೆ ಕೆಲಸ ಮುಗಿಯಲಿಲ್ಲ. ಬೆಂಗಳೂರಿನ ಠಾಣೆಯಲ್ಲಿ ಒಡಿಯಾ ಮಾತ್ರ ಬಲ್ಲ ಕಟ್ಟಡ ಕಾರ್ಮಿಕನಿಗೆ ಕನ್ನಡದ ಹಾಳೆ ಕೊಟ್ಟರೂ ಅಷ್ಟೇ. ಅವನನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವ ಎರಡು ಗಂಟೆ ಮೊದಲು, ನೀನು ಮಾಡಿದ್ದೀಯ ಎಂದು ನಾವು ಹೇಳುತ್ತಿರುವುದು ಇದು ಎಂದು ಅವನ ಮಾತಿನಲ್ಲೇ ಬರೆದ ಒಂದು ಹಾಳೆ ಅವನ ಕೈಯಲ್ಲಿರಬೇಕು.